ಮಾತು ನಿಲ್ಲಿಸಿದ ಕಂಪ್ಯೂಟರ್

ನನ್ನ ಕಂಪ್ಯೂಟರಿನ ಪರದೆ ಕೆಟ್ಟು ಎಷ್ಟು ತಿಂಗಳಾಗಿತ್ತೋ, ನನಗೆ ಗೊತ್ತೇ ಇರಲಿಲ್ಲ.

ನಗಬೇಡಿ. ಹುಟ್ಟಿನಿಂದ ಕಣ್ಣು ಕಾಣದವನಿಗೆ ಪರದೆ ಇದ್ದರೇನು, ಬಿಟ್ಟರೇನು? ನಾನು ಕೀಲಿ ಒತ್ತುತ್ತಿದ್ದೆ, ಪಕ್ಕದಲ್ಲಿಟ್ಟ ಪುಟ್ಟ ಡಬ್ಬಿ ಅದನ್ನು ಓದಿ ಹೇಳುತ್ತಿತ್ತು. ಕೆಲಸ ಸುಸೂತ್ರವಾಗಿ ನಡೆದಿತ್ತು. ಸೊಲ್ಲಾಪುರದಿಂದ ಬಂದ ನನ್ನ ಹೆಂಡತಿಯ ತಮ್ಮ ಸಿದ್ರಾಮನೇ ಗುಟ್ಟು ಪತ್ತೆ ಹಚ್ಚಿದ್ದು.

"ದಾಜಿ, ಇದು ಪೂರಾ ಕರ್ರಗ ಐತ್ರಿ! ಕತ್ತಲ್ದಾಗ ಟೈಪ್ ಮಾಡಾಕತ್ತೀರಲ್ರಿ!" (ನಮ್ಮ ಕಡೆ ಅಕ್ಕನ ಗಂಡ ಎಂದರೆ ದಾಜಿ.)

"ಕತ್ತಲಿ ನನಗೇನ್ ಹೊಸಾದೇನೋ?" ಎಂದೆ. ಅವನು ನಗಲಿಲ್ಲ.

ಸಿದ್ರಾಮ ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿದ್ದಾನೆ. ನನಗಾಗಿ ಜೀವ ಬಿಡುವಂಥವನು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ನನ್ನ ಸಂಕಟ.

ಆ ಡಬ್ಬಿ ನನಗೆ ಏನಾಗಿತ್ತು ಎಂದು ಮೊದಲು ಹೇಳುತ್ತೇನೆ. ಅದು ಬರುವವರೆಗೆ ನಾನು ಎಲ್ಲವನ್ನೂ ಯಾರಿಗಾದರೂ ಹೇಳಿ ಬರೆಸಬೇಕಿತ್ತು. ಹೇಳಿ ಬರೆಸುವವನಿಗೆ ಗುಟ್ಟು ಎಲ್ಲಿಂದ ಬರಬೇಕು? ಪುಣೆಯ ಗೆಳೆಯನೊಬ್ಬ (ಅವನೂ ನನ್ನಂತೆಯೇ) ಡಬ್ಬಿ ಮತ್ತು ಅದಕ್ಕೆ ಬೇಕಾದ ಪ್ರೋಗ್ರಾಮ್ ಕೊಟ್ಟ. ನಾನು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದೆ. ಡಬ್ಬಿ ಅದನ್ನು ಆಗಷ್ಟೇ ಹಡಗಿನಿಂದ ಇಳಿದ ಬಿಳಿ ಸಾಹೇಬನ ಹಾಗೆ ಓದುತ್ತಿತ್ತು. ಓದಲಿ ಬಿಡಿ! ನಾನು ಬರೆದದ್ದನ್ನು ನಾನೊಬ್ಬನೇ ಕೇಳಬಹುದಿತ್ತಲ್ಲ? ಸಿಟ್ಟು ಬರೆದೆ, ನಾಚಿಕೆ ಬರೆದೆ, ಯಾರಿಗೂ ತೋರಿಸಲಾಗದ ಒಂದೆರಡು ಪದ್ಯವನ್ನೂ ಬರೆದೆ. ಹರೆಯ ದಾಟಿದ ಮೇಲೆ ಮೊದಲ ಸಲ ನನಗೆ ಬಾಗಿಲಿರುವ ಒಂದು ಕೋಣೆ ಸಿಕ್ಕಿತ್ತು.

ದಸರೆ ಹತ್ತಿರ ಬಂದಿತ್ತು. ಸಿದ್ರಾಮ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ನಮ್ಮೂರು ಅಕ್ಕಲಕೋಟದಿಂದ ಸೊಲ್ಲಾಪುರದ ಬಸ್ಸು ಹತ್ತಿದ. ಅಲ್ಲಿನ ಕಂಪ್ಯೂಟರ್ ಅಂಗಡಿಯವನು ನನ್ನನ್ನು ಬಿಟ್ಟು ಸಿದ್ರಾಮನನ್ನು ಮರಾಠಿಯಲ್ಲಿ ಕೇಳಿದ: "ಯಾಂನಾ ಕಾಯ್ ಪಾಹಿಜೆ?" ಇವರಿಗೇನು ಬೇಕು ಅಂತ. (ಕಣ್ಣು ಕಾಣದವನಿಗೆ ಕಿವಿಯೂ ಕೇಳಿಸುವುದಿಲ್ಲ ಎಂದು ಲೋಕ ಯಾವಾಗ ತೀರ್ಮಾನಿಸಿತೋ!)

ಹಳೆಯದನ್ನು ರಿಪೇರಿ ಮಾಡುವುದು ದಂಡ, ಎಕ್ಸ್‌ಚೇಂಜಿನಲ್ಲಿ ಹೊಸದು ತಗೊಳ್ಳಿ ಎಂದ. ಅದರೊಳಗೆ ಯಾವುದು ಹಾಕಲಿ, ಡಾಸೋ ವಿಂಡೋಸೋ?

ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಎರಡು ವ್ಯವಸ್ಥೆಗಳು ಇವು. ಹಳೆಯ ಡಾಸ್‌ನಲ್ಲಿ ಬರೀ ಅಕ್ಷರ. ಅಕ್ಷರ ಇದ್ದರೆ ನನ್ನ ಡಬ್ಬಿ ಓದುತ್ತದೆ. ಹೊಸ ವಿಂಡೋಸ್‌ನಲ್ಲಿ ಚಿತ್ರ, ಬಣ್ಣ, ಅತ್ತಿತ್ತ ಓಡಾಡುವ ಬಾಣ. ಪಾಪ, ಡಬ್ಬಿ ಏನೆಂದು ಓದೀತು?

"ವಿಂಡೋಸ್ ಮಾತಾಡ್ತೈತೇನ್ರಿ?" ಎಂದು ಕೇಳಿದೆ. "ಯಾಕ ಮಾತಾಡೂದಿಲ್ರಿ?" ಎಂದು ಹಾಡು ಹಾಕಿದ. ಹಾಡಲ್ಲ ಮಾರಾಯ, ಬರೆದದ್ದನ್ನು ಓದುತ್ತದೆಯೇ? "ಎದುರಿಗೇ ಕಾಣತೈತಲ್ರಿ, ಅದು ಯಾಕ ಓದಬೇಕ್ರಿ?" ಎಂದ. ಆಮೇಲೆ ಅವನಿಗೇ ಹೊಳೆದಿರಬೇಕು. ದನಿ ತಗ್ಗಿಸಿ, ವಿಂಡೋಸನ್ನು ಓದುವ ಪ್ರೋಗ್ರಾಮ್ ಪರದೇಶದಲ್ಲಿ ಇದೆಯಂತೆ, ಇಲ್ಲಿ ಯಾರೂ ತರಿಸಿಲ್ಲ, ಬೆಲೆ ಕೇಳಿದರೆ ತಲೆ ತಿರುಗುತ್ತದೆ ಎಂದ.

ಡಾಸ್ ಹಾಕಿ, ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ತುಂಬಿ ಎಂದು ಬಿಡಿಸಿ ಹೇಳಿ ಬಂದೆ.

ನಾನು ಊರಿಗೆ ಬಂದ ಮೇಲೆ ಅಂಗಡಿಯವನು ಸಿದ್ರಾಮನನ್ನು ಕೂರಿಸಿಕೊಂಡು, ಡಾಸ್ ಸತ್ತೈತಿ, ಮುಂದ ಯಾರೂ ಮುಟ್ಟಂಗಿಲ್ಲ ಎಂದು ತಲೆಗೆ ತುಂಬಿದ. ಹಾಡು ಕೇಳಿದ್ದ ಸಿದ್ರಾಮನಿಗೆ ವಿಂಡೋಸ್ ಮಾತಾಡುತ್ತದೆ ಎಂಬ ನಂಬಿಕೆ ಬೇರೆ. "ನಮ್ಮ ದಾಜಿ ಯಾಕ ಹಿಂದ ಉಳೀಬೇಕು?" ಎಂದುಕೊಂಡ. ವಿಂಡೋಸ್ ಹಾಕಿಸಿ, ನನಗೊಂದು ಆನಂದ ಕೊಡೋಣ ಎಂದು ಬಾಯಿ ಬಿಡದೆ, ಖಂಡೇನವಮಿಯ ಬೆಳಿಗ್ಗೆ ಮನೆಗೆ ತಂದ.

ನಿಮಗೆ ಗೊತ್ತಲ್ಲ, ಅವತ್ತು ಮನೆಯ ಹತ್ಯಾರಗಳಿಗೆಲ್ಲ ಪೂಜೆ. ಕುಡಗೋಲು, ಈಳಿಗೆ, ಹೊಲಿಗೆ ಮಷೀನು, ಅವುಗಳ ನಡುವೆ ನನ್ನ ಕಂಪ್ಯೂಟರು. ಕುಂಕುಮ, ಚೆಂಡುಹೂವು, ಕಾಯಿ. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಬಳಸುವಂತಿಲ್ಲ. ಅಂಗಡಿಯವನು, ಹೊಸದನ್ನು ಚಾಲೂ ಮಾಡಿ ನೋಡಿ, ಸರಿ ಇದೆ ಎಂದು ಫೋನ್ ಮಾಡಿದ ಮೇಲೆಯೇ ಹಳೆಯದನ್ನು ಅಳಿಸುತ್ತೇನೆ ಎಂದಿದ್ದನಂತೆ. ಹೂವು ಏರಿಸಿದ ಕಂಪ್ಯೂಟರ್ ನೋಡಿ ಸಿದ್ರಾಮನ ಮನಸ್ಸು ತುಂಬಿ ಬಂತು. ಚಾಲೂ ಮಾಡದೆಯೇ ಎಸ್‌ಟಿಡಿ ಬೂತಿಗೆ ಹೋಗಿ "ಏಕದಮ್ ಝಕಾಸ್ ಐತ್ರಿ" ಎಂದು ಹೇಳಿ ಬಂದ.

ಮರುದಿನ ಬನ್ನಿ ಕೊಡಲು ಬಂದವರೆಲ್ಲ ಸುತ್ತ ನಿಂತರು. ಸ್ವಿಚ್ ಹಾಕಿದೆ. ಸಣ್ಣದೊಂದು ಸಂಗೀತ ಬಂತು. ಜನ ಚಪ್ಪಾಳೆ ತಟ್ಟಿದರು. "ಏನ್ ಚಂದ ಬಣ್ಣ ಅದಾವ್ರಿ!" ಎಂದರು ಯಾರೋ.

ನಾನು ಕಾದೆ. ಡಬ್ಬಿ ಮಾತಾಡಲಿಲ್ಲ.

ಸಿದ್ರಾಮ ನನ್ನ ಕೈಗೆ ಮೌಸ್ ಕೊಟ್ಟ. "ಬಾಣ ಆ ಚಿತ್ರದ ಮ್ಯಾಲೆ ಒಯ್ರಿ ದಾಜಿ, ಅಲ್ಲಿ ಕಾಣತೈತಲ್ಲ, ಎಡಗಡೆ..." ಎಂದವನು ಅರ್ಧಕ್ಕೇ ನಿಂತ.

ಅಂಗಡಿ ತೆರೆದ ಕೂಡಲೇ ಫೋನ್ ಮಾಡಿದೆವು. "ಹಳೇ ಕಚರಾ ಹೊಸದಕ್ಕ ಹಾಕಿಲ್ರಿ, ಎಲ್ಲಾ ತೆಗದು ಸ್ವಚ್ಛ ಮಾಡೀನ್ರಿ" ಎಂದ ಹೆಮ್ಮೆಯಿಂದ. ಆ ಕಚರಾದಲ್ಲಿ ಓದುವ ಪ್ರೋಗ್ರಾಮ್ ಇತ್ತು. ನಾನು ಬರೆದದ್ದೆಲ್ಲ ಇತ್ತು.

ಪುಣೆಯ ಗೆಳೆಯನಿಗೆ ಫೋನ್ ಹಚ್ಚಿದೆ. ಅವನ ಆಫೀಸಿಗೂ ವಿಂಡೋಸ್ ಬಂದಿದೆ, ಅವನನ್ನು ಮತ್ತೆ ಟೆಲಿಫೋನ್ ಬೋರ್ಡಿಗೆ ಕೂರಿಸಿದ್ದಾರೆ. ಅವನ ಬಳಿ ಇದ್ದ ಪ್ರೋಗ್ರಾಮಿನ ಫ್ಲಾಪಿ ಬೂಷ್ಟು ಹಿಡಿದು ತೆರೆಯುತ್ತಿಲ್ಲ. "ಬಿಡೋ, ನಮ್ಮ ಕಾಲ ಇಷ್ಟೇ ಇತ್ತು" ಎಂದ. ಅವನು ಹಾಗೆ ಸೋತು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಯಾವುದು ಬೇಕು ಎಂದು ಕೇಳಿದ್ದರು, ನಿಜ. ಆದರೆ ಸಾಯುತ್ತಿರುವುದು ಒಂದು, ಮೂಕವಾಗಿರುವುದು ಇನ್ನೊಂದು. ಇದಕ್ಕೆ ಆಯ್ಕೆ ಎನ್ನುತ್ತಾರೆಯೇ? ಲೋಕ ಮುಂದೆ ಹೋಗುವಾಗ ನಮ್ಮನ್ನು ದೂಡಿಕೊಂಡು ಹೋದರೂ ಸಹಿಸಬಹುದು. ನಾವಿದ್ದೇವೆ ಎಂಬುದೇ ಅದಕ್ಕೆ ನೆನಪಿಲ್ಲ. ಹೊಸದು ಇನ್ನೂ ಮೇಜಿನ ಮೇಲಿದೆ. ಪಕ್ಕದ ಮನೆಯವರು ಬಂದು ಇಸ್ಪೀಟು ಆಡುತ್ತಾರೆ.

ಈ ವಾರದ ಅಂಕಣ ನಾನು ಹೇಳುತ್ತಿದ್ದೇನೆ, ಹೆಂಡತಿ ಸುಮನ್ ಬರೆದುಕೊಳ್ಳುತ್ತಿದ್ದಾಳೆ. "ನನ್ನ ತಮ್ಮನ ಹೆಸರು ಯಾಕ ಹಾಕಸ್ತೀರಿ? ಅಂವಗ ಕನ್ನಡ ಓದಾಕ ಬರಂಗಿಲ್ಲ ಖರೆ, ಯಾರರೆ ಓದಿ ಹೇಳಿದ್ರ ಅಳತಾನ್ರಿ" ಎಂದು ನಡುವೆ ಪೆನ್ನು ಕೆಳಗಿಟ್ಟಳು. ಬೇಡಿಕೊಂಡ ಮೇಲೆ ಎತ್ತಿಕೊಂಡಿದ್ದಾಳೆ.

ಸಿದ್ರಾಮನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಸುತ್ತಿದ್ದೇನೆ. ಸಿಟ್ಟಿದೆ ಎಂದು ಬರೆಯಬೇಕಾಗಿದ್ದರೆ, ಯಾರಿಗೆ ಹೇಳಿ ಬರೆಸಲಿ?