ಗೇಟಿನಾಚೆಗೆ ಹೊರಟಿದ್ದ ಓಟು

ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವ ವಯಸ್ಸೇ ನಿಮ್ಮದು ಎಂದು ಹೆಂಡತಿ ಕೇಳಿದಳು. ಕೇಳಲಿ ಬಿಡಿ. ಮೊಮ್ಮಗಳ ನಾಮಕರಣದ ಫೋಟೋದಲ್ಲಿ ನಾನು ಮುತ್ತಜ್ಜನ ಹಾಗೆ ಕಂಡರೆ ಯಾರಿಗೆ ಅವಮಾನ? ಹಾಗಂತ ಮೊನ್ನೆ ಸಂಜಯನಗರದ ಸೆಲೂನಿನಲ್ಲಿ ತಲೆಯೊಡ್ಡಿ ಕೂತೆ. ಬಟ್ಟಲಲ್ಲಿ ಬಣ್ಣ ಕಲಸಿದ್ದೇ ತಡ, ಅಮೋನಿಯಾದ ಘಾಟು ಮೂಗಿಗೆ ಹೊಡೆಯಿತು ನೋಡಿ, ನಾನು ಎಪ್ಪತ್ತರ ದಶಕದ ಯಶವಂತಪುರದಲ್ಲಿದ್ದೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ನಕ್ಷೆಗಳ ಪ್ರಿಂಟು ತೆಗೆಯಲು ಅಮೋನಿಯಾ ಬಳಸುತ್ತಿದ್ದರು. ದಿನವಿಡೀ ಆ ಘಾಟು ಕುಡಿದುಕೊಂಡೇ ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆದದ್ದು.

ಆದದ್ದು ನಿಜ, ತಲೆಗೇರಿದ್ದು ಮಾತ್ರ ಸ್ವಲ್ಪ ಜಾಸ್ತಿ. ಇಪ್ಪತ್ಮೂರಕ್ಕೆ ಗದಗಿನಿಂದ ಬಂದ ತರುಣ, ಜೇಬಿನಲ್ಲಿ ಸದಾ ಮೂರು ಪೆನ್ಸಿಲ್ಲು. ಟೀ ಅಂಗಡಿಯ ಬೆಂಚು ವಾಲಿದ್ದರೆ ಎಷ್ಟು ಡಿಗ್ರಿ ವಾಲಿದೆಯೆಂದು ಘೋಷಿಸದೆ ಕೂರುತ್ತಿರಲಿಲ್ಲ. ಈಗ ನೆನೆದರೆ ನನಗೇ ಕಪಾಳಕ್ಕೆ ಬಾರಿಸಬೇಕು ಅನಿಸುತ್ತದೆ.

ಬಾಡಿಗೆಗಿದ್ದದ್ದು ಕೊಡಿಗೇಹಳ್ಳಿಯಲ್ಲಿ, ಹಾಲಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ. ಎರಡು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದಳು, ಹಾಗಾಗಿ ಊರಿಗೇ ಹಾಲಜ್ಜಿ. ಬೀದಿಯ ಉತ್ತರದ ತುದಿಗೆ ಕೆರೆ, ಕೆರೆಯ ಮಗ್ಗುಲಿಗೆ ಶಾಲೆ. ದಕ್ಷಿಣದ ತುದಿಗೆ ರೈಲು ಹಳಿ ಮತ್ತು ಗೇಟು. ಹಾಲಜ್ಜಿಯ ಮನೆ ಇದ್ದದ್ದು ಹಳಿಯ ಕಡೆಗೆ.

ಒಂದು ಭಾನುವಾರ ಸೈಕಲ್ ಶಾಪಿನ ಬಾಷಾಸಾಬರು ಸುದ್ದಿ ತಂದರು. ಚುನಾವಣಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತಾರಂತೆ. ಗೆರೆ ನಮ್ಮ ಬೀದಿಯ ನಟ್ಟನಡುವೆ ಹಾದು, ಹಳಿಯ ಕಡೆಯ ಅರ್ಧ ಬೀದಿ ಗೇಟಿನಾಚೆಯ ಕ್ಷೇತ್ರಕ್ಕೆ ಸೇರುತ್ತದಂತೆ. ಆಕ್ಷೇಪಣೆ ಇದ್ದವರು ಬರೆದುಕೊಡಬೇಕಂತೆ.

"ನಮ್ ದುಕಾನ್ ಆ ಕಡೆ, ನಿಮ್ ಮನೆ ಈ ಕಡೆ. ಇನ್ಮೇಲೆ ಪಂಚರ್ ಹಾಕ್ಸೋಕೂ ಪಾಸ್‌ಪೋರ್ಟ್ ತರ್ಬೇಕು ನೋಡ್ರೀ ಇಂಜಿನಿಯರ್ ಸಾಬ್!" ಎಂದು ನಕ್ಕರು. ನಾನು ಇಂಜಿನಿಯರ್ ಅಲ್ಲವೆಂದು ತಿದ್ದುವ ಗೋಜಿಗೆ ಹೋಗದೆ ನಾನೂ ನಕ್ಕೆ. ನನ್ನ ಹೆಸರಿದ್ದದ್ದು ಗದಗಿನ ಪಟ್ಟಿಯಲ್ಲಿ; ಇಲ್ಲಿ ಗೆರೆ ಎಲ್ಲಿ ಹಾದರೆ ನನಗೇನು?

ಹಾಲಜ್ಜಿ ನಗಲಿಲ್ಲ. "ಅಂಗಾರೆ ನಾನು ನಮ್ಮ ಇಸ್ಕೂಲಲ್ಲಿ ಓಟ್ ಆಕಂಗಿಲ್ವಾ?"

"ಗೇಟ್ ದಾಟಿ ಹಾಕಿದ್ರಾತು ಬಿಡಜ್ಜಿ. ನಾನ ಸೈಕಲ್ ಮ್ಯಾಲೆ ಕರಕೊಂಡು ಹೋಗ್ತೀನಿ," ಎಂದೆ ನಾನು.

"ನಡ್ಯಕಾಗಲ್ಲ ಅಂತಲ್ಲ ಕಣಪ್ಪಾ. ನೀನು ಬಂದು ಮೂರು ವರ್ಸ ಆಯ್ತು. ನನ್ನೆಸ್ರೇನು, ಏಳು ನೋಡಾನ?"

ನಾನು ಜೇಬಿನ ಪೆನ್ಸಿಲ್ಲು ತಡವಿಕೊಂಡೆ. ಬಾಷಾಸಾಬರಂತೂ ಪ್ರತಿ ಚುನಾವಣೆಯಲ್ಲೂ ಅವಳ ಹೆಸರು ಕೇಳಿಸಿಕೊಂಡು ಮಾರನೆಯ ದಿನವೇ ಮರೆಯುತ್ತಿದ್ದವರು. ಸೈಕಲ್ಲಿನ ಬೆಲ್ಲು ತಿರುವುತ್ತ ನಿಂತರು.

"ಪಿಳ್ಳಮುನಿಯಮ್ಮ. ನಮ್ಮವ್ವ ಇಟ್ಟಿದ್ದು. ಮದ್ವೆ ಆದ್ಮೇಲೆ ಒಬ್ರಾದ್ರೂ ಕರೆದೋರಿಲ್ಲ. ಓಟಿನ್ ದಿನ ಮಾತ್ರ ಆಪೀಸರು ಪಟ್ಟಿ ನೋಡ್ಕಂಡು ಗಟ್ಯಾಗಿ ಕೂಗ್ತಾರೆ, ಊರೋರೆಲ್ಲ ಕೇಳಿಸ್ಕತಾರೆ. ಗೇಟಾಚೆ ಕೂಗುದ್ರೆ ಅಲ್ಲಿರೋರ್ಗೆ ನಾನ್ಯಾರು?"

ಮುಚ್ಚಿಡುವುದೇಕೆ, ನನಗೆ ನಾಚಿಕೆಯಾಯಿತು. ಮೂರು ವರ್ಷ ಅವಳ ಹಾಲು ಕುಡಿದಿದ್ದೆ. ಆವತ್ತೇ ಅರ್ಜಿಯ ಜೊತೆಗಿಡಲು ಬೀದಿಯ ನಕ್ಷೆ ಬರೆಯಲು ಕೂತೆ.

ಕಲಿತಂತೆ ಉತ್ತರವನ್ನು ಹಾಳೆಯ ತಲೆಗಿಟ್ಟು ಕೆರೆ ಬರೆದೆ. ಹಾಲಜ್ಜಿ ಬಗ್ಗಿ ನೋಡಿದಳು. "ಇದೇನ್ಲಾ, ಕೆರೆ ತಕಂಡೋಗಿ ತಲೆ ಮ್ಯಾಕಿಟ್ಟಿದೀಯಾ? ಕೆರೆ ಇರೋದು ತಗ್ಗಲ್ಲಿ. ಕೆಳೀಕ್ ಬರಿ." ಸುತ್ತ ನೆರೆದಿದ್ದ ಬೀದಿಯ ಜನರೆಲ್ಲ ಹೌದೌದು ಎಂದರು. ಅಷ್ಟು ಜನ ಒಟ್ಟಿಗೆ ಹೌದೆಂದರೆ ಯಾವ ಡ್ರಾಫ್ಟ್ಸ್‌ಮನ್ ತಡೆದಾನು? ಕೆರೆಯನ್ನು ಹಾಳೆಯ ಬುಡಕ್ಕಿಳಿಸಿದೆ. ಹಳಿಯ ಕಡೆಯ ಅರ್ಧ ಹಾಳೆಯ ಮೇಲಕ್ಕೆ ಬಂತು. ಅದಕ್ಕೆ ಓರೆಗೀರು ಎಳೆದು, 'ಈ ಭಾಗ ಹಳೆಯ ಕ್ಷೇತ್ರದಲ್ಲೇ ಉಳಿಯಬೇಕು' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಉತ್ತರ ಯಾವ ಕಡೆಗೆಂದು ತೋರಿಸುವ ಬಾಣ ಹಾಕುವುದನ್ನು ಮರೆತೆ. ಕೆಳಗೆ ನನ್ನ ಹೆಸರು ಹಾಕುವುದನ್ನು ಮರೆಯಲಿಲ್ಲ.

ವಿಚಾರಣೆಯ ದಿನ ಹಾಲಜ್ಜಿ, ಬಾಷಾಸಾಬರು, ನಾನು ಬಸ್ಸು ಹತ್ತಿ ಕಚೇರಿಗೆ ಹೋದೆವು. ಅಧಿಕಾರಿ ತಮ್ಮ ನಕ್ಷೆಯ ಪಕ್ಕ ನನ್ನದನ್ನು ಹರಡಿದರು. ಅವರದರಲ್ಲಿ ಕೆರೆಯೂ ಇಲ್ಲ, ಶಾಲೆಯೂ ಇಲ್ಲ. ಬರೀ ಗೆರೆ, ನಂಬರು.

"ಅಲ್ರೀ, ಉತ್ತರದ ಅರ್ಧ ಹಳೇ ಕ್ಷೇತ್ರದಲ್ಲೇ ಇರ್ಲಿ ಅಂತೀರಿ. ನಾವೂ ಹಾಗೇ ಮಾಡಿದೀವಲ್ಲ! ತಕರಾರಿಲ್ಲ ಅಂತ ಬರ್ಕೊಳ್ಲಾ?"

ಬಾಣವಿಲ್ಲದ ನನ್ನ ಹಾಳೆಯ ಮೇಲ್ಭಾಗವನ್ನೇ ಅವರು ಉತ್ತರವೆಂದು ಓದಿದ್ದರು. ಮುತ್ತಿನಂಥ ಅಕ್ಷರದಲ್ಲಿ ನಾನೇ ಮುದುಕಿಯನ್ನು ಗೇಟಿನಾಚೆಗೆ ಸಾಗಿಸಿದ್ದೆ. ಅಷ್ಟರಲ್ಲಿ ಹಾಲಜ್ಜಿ ಮೇಜಿನ ಹತ್ತಿರ ಹೋದಳು. ನಮ್ಮ ಹಾಳೆ ಮುಟ್ಟಲಿಲ್ಲ. ಸರ್ಕಾರದ ನಕ್ಷೆಯನ್ನೇ ಎರಡೂ ಕೈಯಲ್ಲಿ ಹಿಡಿದು ಗರ್ರನೆ ತಿರುಗಿಸಿ ಇಟ್ಟಳು.

"ನಿಮ್ದು ತಲೆಕೆಳಗಾಗೈತೆ ಸ್ವಾಮಿ. ಇಂಗ್ ನೋಡಿ. ಇಲ್ಲಿ ಕೆರೆ, ಇಲ್ಲಿ ಇಸ್ಕೂಲು, ಇದು ನನ್ನ ಮನೆ. ಈಗ ಏಳಿ, ನಾನ್ಯಾಕೆ ಹಳಿ ದಾಟ್ಬೇಕು?"

ಅಧಿಕಾರಿ ಬೈಯುತ್ತಾರೆಂದುಕೊಂಡೆ. ಅವರು ಕುರ್ಚಿ ಬಿಟ್ಟು ಎದ್ದು, ಮೇಜು ಸುತ್ತಿ ಬಂದು, ಹಾಲಜ್ಜಿಯ ಪಕ್ಕ ನಿಂತು ನೋಡಿದರು. ಆಮೇಲೆ ನಕ್ಕರು ನೋಡಿ, ಪಕ್ಕದ ಕೋಣೆಯವರು ಬಂದು ಇಣುಕುವಷ್ಟು. ಕೊನೆಗೆ ಗೆರೆ ಹಳಿಯ ಮೇಲಕ್ಕೇ ಸರಿಯಿತು. ನಮ್ಮ ಬೀದಿ ಇಡಿಯಾಗಿ ಉಳಿಯಿತು.

ಮುಂದಿನ ಚುನಾವಣೆಗೆ ನನಗಲ್ಲಿ ಓಟಿಲ್ಲದಿದ್ದರೂ ಶಾಲೆಯ ಬೇಲಿಯ ಹತ್ತಿರ ಹೋಗಿ ನಿಂತೆ. ಸಾಲಿನಲ್ಲಿ ಹಾಲಜ್ಜಿಯೇ ಮೊದಲು. ಒಳಗಿನಿಂದ ಮತಗಟ್ಟೆಯ ಅಧಿಕಾರಿ, "ಪಿಳ್ಳಮುನಿಯಮ್ಮ!" ಎಂದು ಕೂಗಿದರು. ಅವಳು ಅಲ್ಲಾಡಲಿಲ್ಲ.

"ಅಜ್ಜೀ, ಕರೀತಾವ್ರೆ," ಎಂದರು ಹಿಂದೆ ನಿಂತಿದ್ದ ಬಾಷಾಸಾಬರು.

"ಸುಮ್ಕಿರು. ಇನ್ನೊಂದ್ಸಲ ಕೂಗ್ಲಿ."

ಮೊನ್ನೆ ಕಪ್ಪು ತಲೆ ಹೊತ್ತು ಸೆಲೂನಿನಿಂದ ಮನೆಗೆ ಬಂದೆ. ನಮ್ಮ ಮನೆಯ ಗೇಟಿನ ಹತ್ತಿರ, ನಾವೆಲ್ಲ ಹೂವಮ್ಮ ಎಂದೇ ಕರೆಯುವ ಹೂವಿನಾಕೆ ಕೂತಿದ್ದರು. ಹನ್ನೆರಡು ವರ್ಷದಿಂದ ಅವರ ಹತ್ತಿರ ಹೂವು ಕೊಳ್ಳುತ್ತಿದ್ದೇವೆ. ನಿಂತು ಹೆಸರು ಕೇಳಿದೆ. ಅವರು ಅನುಮಾನದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕ್ ಸಾರ್, ಓಟರ್ ಲಿಸ್ಟಾ?"

"ಅಲ್ಲಮ್ಮಾ. ಕರೆಯೋದಕ್ಕೆ."

ಅವರು ಕಟ್ಟುತ್ತಿದ್ದ ಮೊಳವನ್ನು ಬುಟ್ಟಿಗಿಟ್ಟು, ಸೆರಗು ಸರಿಮಾಡಿಕೊಂಡು, ಆಮೇಲೆ ಹೇಳಿದರು.