ಬಿಸಿಲಿಗೆ ಒಣಹಾಕಿದ ಗಾಜು

ಕಿಟಕಿಯ ಗಾಜನ್ನು ಎದುರಿನಿಂದ ನೋಡಿದರೆ ಬಣ್ಣವಿಲ್ಲ. ಅದನ್ನೇ ಅಂಚಿನಿಂದ ನೋಡಿ, ಹಸಿರು. ಆ ಹಸಿರು ಕಬ್ಬಿಣದ್ದು. ಮರಳಿನ ಜೊತೆ ಎಲ್ಲಿಂದಲೋ ಒಂದು ಚಿಟಿಕೆ ಸೇರಿಬಿಟ್ಟರೆ ಸಾಕು, ಗಾಜು ಅದನ್ನು ಮುಚ್ಚಿಡುವುದಿಲ್ಲ. ಮನೆಯ ಕಿಟಕಿಗೆ ಇದರಿಂದ ನಷ್ಟವೇನೂ ಇಲ್ಲ. ಲೇಸರ್‌ಗೆಂದು ಮಾಡುವ ಗಾಜು ಮಾತ್ರ ಇದರಿಂದ ಕೆಟ್ಟಿತೆಂದೇ ಲೆಕ್ಕ. ಇಷ್ಟನ್ನು ವಿವರಿಸಲು ಹೋಗಿ ನಾನು ಚಿತ್ರದುರ್ಗದಲ್ಲಿ ಎಷ್ಟೋ ಸಲ ಸೋತಿದ್ದೇನೆ. ವಾದದಲ್ಲಿ ಸೋತೆ ಎನ್ನುತ್ತಿಲ್ಲ. ವಾದಕ್ಕೆ ಎದುರು ನಿಲ್ಲುವವರೇ ಇರಲಿಲ್ಲ.

ಎದುರು ನಿಲ್ಲುವವರು ಬೇಕು ಎನ್ನುವ ಚಟ ನನಗೆ ಹತ್ತಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಎಲ್ಲಿ ಸ್ಪರ್ಧೆಯಿದ್ದರೂ ತುರುವನೂರಿನಿಂದ ಬಸ್ಸು ಹತ್ತುತ್ತಿದ್ದೆ. ವಿಷಯ ಯಾವುದೇ ಇರಲಿ, ನಾನು ‘ವಿರೋಧ’ದ ಪಟ್ಟಿಯಲ್ಲಿ ಹೆಸರು ಕೊಡುತ್ತಿದ್ದೆ. ಬಹುಮಾನವಾಗಿ ಬಂದ ಸ್ಟೀಲ್ ತಟ್ಟೆಗಳಲ್ಲೇ ಅವ್ವ ಮುದ್ದೆ ಬಡಿಸುವಳು. “ಬಾಯಿಂದ ಬಂದಿದ್ದು ಬಾಯಿಗೇ ಆಗ್ಲಿ ತಗ,” ಎನ್ನುವಳು.

ಎಂ.ಎಸ್ಸಿ. ಮುಗಿಸಿ ಗಾಜಿನ ಮೇಲೆ ಸಂಶೋಧನೆಗೆ ಸೇರಿದೆ ಎಂದಾಗ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಗಾಜು ಮಾಡಾಕೆ ಇಷ್ಟ್ ಓದ್ಬೇಕೇನೇ? ಬಳೆಗಾರ್ರು ಯಾವ್ ಕಾಲೇಜಿಗೆ ಹೋಗಿದ್ರು?”

“ಅವ್ರು ಮಾಡಲ್ಲವ್ವ, ಮಾರ್ತಾರೆ.”

“ಅವ್ರಾರ ಮಾರ್ತಾರೆ. ನೀನ್ ಮಾಡಿದ್ದನ್ನ ಯಾರ್ ತಗಂತಾರೆ?”

ಸ್ಪರ್ಧೆಯಾಗಿದ್ದರೆ ಆವತ್ತಿನ ತಟ್ಟೆ ಅವಳಿಗೇ ಸಲ್ಲಬೇಕಿತ್ತು.

ನನ್ನ ಮಾರ್ಗದರ್ಶಕರು ಹಿರಿಯೂರಿನವರು. ನಿವೃತ್ತಿ ಹತ್ತಿರವಿದ್ದ ಭೌತಶಾಸ್ತ್ರದ ಮೇಷ್ಟ್ರು. ಚಿತ್ರದುರ್ಗದ ಕಾಲೇಜೊಂದರ ಹಿತ್ತಲಿನ ಕೋಣೆಯಲ್ಲಿ ಗಾಜು ಕರಗಿಸುವ ಒಂದು ಫರ್ನೇಸ್ ಇಟ್ಟುಕೊಂಡಿದ್ದರು. ಜಿಲ್ಲೆಯಲ್ಲಿ ಇಂಥ ಕೆಲಸ ಮಾಡುತ್ತಿದ್ದವರು ಇನ್ನೊಬ್ಬರು ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಫಾಸ್ಫೇಟ್ ಪುಡಿಗೆ ಬೇರಿಯಂ ಮೊದಲಾದವನ್ನು ತೂಗಿ ಬೆರೆಸಿ, ಪ್ಲಾಟಿನಂ ಮೂಸೆಯಲ್ಲಿ ಕರಗಿಸಿ, ಕಾದ ಹಿತ್ತಾಳೆಯ ಅಚ್ಚಿಗೆ ಸುರಿಯುವುದು. ಆಮೇಲೆ ಇನ್ನೊಂದು ಒಲೆಯಲ್ಲಿ ನಿಧಾನವಾಗಿ ಆರಲು ಬಿಡುವುದು. ಅವಸರ ಮಾಡಿದರೆ ‘ಟಿಣ್’ ಎಂದು ಸೀಳುತ್ತದೆ. ಇದರೊಳಗೆ ನಿಯೋಡಿಮಿಯಂ ಎಂಬ ಧಾತುವನ್ನು ಸ್ವಲ್ಪ ಸೇರಿಸುತ್ತೇವೆ. ಹೊರಗಿನಿಂದ ಬಿದ್ದ ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಒಂದೇ ಬಗೆಯ ಬೆಳಕಾಗಿ ವಾಪಸು ಕೊಡುವುದು ಅದರ ಗುಣ. ಗಾಜು ಅದಕ್ಕೆ ಮನೆಯಿದ್ದ ಹಾಗೆ. ಮನೆಯಲ್ಲಿ ಬೆಳಕು ಕದಿಯುವ ಕಬ್ಬಿಣದಂಥ ಕಳ್ಳರಿರಬಾರದು, ಅಷ್ಟೇ.

ನಿಯೋಡಿಮಿಯಂ ಹೆಚ್ಚು ಹಿಡಿಸುವಂಥ, ಗಾಳಿಯ ತೇವಕ್ಕೆ ಬೇಗ ಹಾಳಾಗದಂಥ ಪುಡಿ ಬೆರೆಸುವ ಒಂದು ಹೊಸ ಅಳತೆಯನ್ನು ನಾನು ಕಂಡುಕೊಂಡಿದ್ದೆ. ಗಾಜು ಚೆನ್ನಾಗಿಯೇ ಬರುತ್ತಿತ್ತು. ಅದು ನಿಜವಾಗಿ ಲೇಸರ್ ಕೊಡುತ್ತದೋ ಇಲ್ಲವೋ ಎಂದು ನೋಡುವ ಸಲಕರಣೆ ನಮ್ಮಲ್ಲಿರಲಿಲ್ಲ. ದೂರದ ಊರಿನ ಪ್ರಯೋಗಾಲಯದವರು ಒಪ್ಪಿಕೊಂಡರು: ಗಾಜಿನ ಒಂದೇ ಕಡ್ಡಿ ಕಳಿಸಿ, ಒಂದು ಸಲ ಹಚ್ಚಿ ನೋಡುತ್ತೇವೆ. ಅದೇ ಹೊತ್ತಿಗೆ ಕಾಲೇಜಿನವರು ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಕೋಣೆಯಲ್ಲಿ ಕಂಪ್ಯೂಟರ್ ಇಡುವ ಮಾತು ಎತ್ತಿದ್ದರು. ಗಾಜಿನಿಂದ ಲೇಸರ್ ಹೊರಟರೆ ಕೋಣೆ ನನಗೆ. ಹೊರಡದಿದ್ದರೆ ಫರ್ನೇಸ್ ಗುಜರಿಗೆ, ನಾನು ತುರುವನೂರಿಗೆ.

ಆ ಗಾಜಿನಲ್ಲಿ ಹಸಿರು ಕಂಡದ್ದು ಆಗಲೇ.

“ಸರ್, ಇದ್ರಾಗೆ ಹಸಿರೈತೆ.”

“ಟ್ಯೂಬ್‌ಲೈಟ್ ಕೆಳಗೆ ಹಿಡ್ಕಂಡು ಹಸಿರು ಅಂದ್ರೆ? ನಿಯೋಡಿಮಿಯಂ ಗಾಜು ಟ್ಯೂಬ್‌ಲೈಟಿಗೊಂದ್ ಬಣ್ಣ, ಬಿಸಿಲಿಗೊಂದ್ ಬಣ್ಣ. ಹೊರಗ್ ತಗಂಡೋಗಿ ನೋಡವ್ವ, ನೇರಳೆ.”

“ನೋಡ್ದೆ ಸರ್. ಆ ನೇರಳೆ ಒಳಗೂ ಹಸಿರೈತೆ.”

“ಹಂಗಾರೆ ನಿನ್ ಕಣ್ಣಾಗೈತೆ.”

“ನಿಯೋಡಿಮಿಯಂ ಹಾಕ್ದೆ ಒಂದ್ ಮೂಸೆ ಕರಗಿಸ್ತೀನಿ. ಅದು ನೀರಿನ ಥರ ಬರ್ಬೇಕು. ಅದ್ರಾಗೂ ಹಸಿರು ಬಂದ್ರೆ?”

“ಬಂದಾಗ ನೋಡಾಣ ಬಾರೇ ಲಾಯರಮ್ಮ.”

ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಬೆಳಿಗ್ಗೆ ಕೋಣೆಯ ಬೀಗ ತೆಗೆಯುವಾಗಲೇ ಜಗಳ ಶುರುವಾಗುತ್ತಿತ್ತು. ಅಳತೆಗೊಂದು ಜಗಳ, ಅಚ್ಚಿನ ಬಿಸಿಗೊಂದು ಜಗಳ. ಪೇಟೆಯಲ್ಲಿ ನಾನು ಬಾಡಿಗೆಗಿದ್ದ ರೂಮಿನಲ್ಲಾಗಲಿ ಊರಿನಲ್ಲಾಗಲಿ ನನ್ನ ಕೆಲಸದ ಬಗ್ಗೆ ಎರಡನೇ ಪ್ರಶ್ನೆ ಕೇಳಿದವರಿಲ್ಲ. ಮೊದಲನೆಯದು ಎಲ್ಲರೂ ಕೇಳುತ್ತಿದ್ದರು, ಉತ್ತರ ಅರ್ಧವಾಗುವಷ್ಟರಲ್ಲಿ ಮದುವೆಯ ಮಾತಿಗೆ ತಿರುಗಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ಎರಡನೆಯದು, ಮೂರನೆಯದು ಕೇಳುತ್ತಿದ್ದರು. ಕೇಳಿ, ನನ್ನ ಉತ್ತರವನ್ನು ಗೋಡೆಗೆ ಒರಗಿಸಿ ಬಡಿಯುತ್ತಿದ್ದರು.

ನಿಯೋಡಿಮಿಯಂ ಇಲ್ಲದ ಗಾಜು ಬಂತು. ಅಂಚಿನಿಂದ ನೋಡಿದರೆ ಎಳೆ ಹಸಿರು.

ಕಬ್ಬಿಣ ಎಂಬುದನ್ನು ಅವರೂ ಒಪ್ಪಿದರು. ಎಲ್ಲಿಂದ ಬಂತು? ಪುಡಿಗಳ ಸೀಸೆ ಬದಲಿಸಿದೆವು, ಮೂಸೆ ತೊಳೆದೆವು, ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು. ಹಸಿರು ಜಗ್ಗಲಿಲ್ಲ. ಒಂದು ಮಧ್ಯಾಹ್ನ ಮಹಡಿಗೆ ಹೋದಾಗ ನನಗೆ ಉತ್ತರ ಕಂಡಿತು. ಕಂಡದ್ದನ್ನು ಹೇಳುವುದು ಹೇಗೆ ಎಂಬುದು ಕಾಣಲಿಲ್ಲ.

ಇದಕ್ಕೆ ಮೇಷ್ಟ್ರ ಪದ್ಧತಿಯೊಂದನ್ನು ವಿವರಿಸಬೇಕು. ಫಾಸ್ಫೇಟ್ ಪುಡಿ ಮಳೆಗಾಲದ ಬೆಲ್ಲದ ಹಾಗೆ ತೇವ ಹೀರುತ್ತದೆ. ಆ ನೀರು ಗಾಜಿನೊಳಗೆ ಉಳಿದರೆ ನಿಯೋಡಿಮಿಯಂ ಕೊಡಬೇಕಾದ ಬೆಳಕು ಬೇಗ ಆರಿಹೋಗುತ್ತದೆ. ಒಲೆಯಲ್ಲಿಟ್ಟು ಒಣಗಿಸೋಣವೆಂದರೆ ಕರೆಂಟಿನ ಭರವಸೆ ಇಲ್ಲ. ಅದಕ್ಕೆ ಮೇಷ್ಟ್ರು ಪುಡಿಯನ್ನು ಪಿಂಗಾಣಿ ತಟ್ಟೆಗಳಲ್ಲಿ ಹರಡಿ, ಮೇಲೆ ಒಗೆದ ಪಂಚೆ ಹೊದಿಸಿ, ಮಹಡಿಯಲ್ಲಿ ಒಣಹಾಕುತ್ತಿದ್ದರು. ಹಪ್ಪಳ ಸಂಡಿಗೆ ಒಣಹಾಕುವವರ ಶ್ರದ್ಧೆಯಲ್ಲೇ ತಟ್ಟೆ ತಿರುಗಿಸುತ್ತಿದ್ದರು, ಕಾಗೆ ಓಡಿಸುತ್ತಿದ್ದರು. “ದುರ್ಗದ ಬಿಸಿಲು ಐತಲ್ಲ, ಇದ್ಕಿಂತ ಒಣ ಒಲೆ ಯಾವ್ ಕಂಪ್ನೀಲಿ ಸಿಗ್ತೈತೆ ಹೇಳು?” ಎನ್ನುವರು. ಮಾತು ಸುಳ್ಳಲ್ಲ. ಅವರ ಗಾಜಿನಲ್ಲಿ ನೀರು ಕಡಿಮೆಯಿರುತ್ತಿತ್ತು, ಅಳೆಸಿ ನೋಡಿದ್ದೆವು.

ಆದರೆ ಅದು ಕಬ್ಬಿಣದ ಅದಿರಿನ ಲಾರಿಗಳ ಕಾಲ. ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಹಗಲೆಲ್ಲ ಬರುತ್ತಿದ್ದವು. ರಸ್ತೆ ಬದಿಯ ಬೇವಿನ ಎಲೆ ಕೆಂಪು, ಅಂಗಡಿಯವರ ಹುಬ್ಬು ಕೆಂಪು. ನಾನು ಮಹಡಿಯಲ್ಲಿ ತಟ್ಟೆಗಳ ಪಕ್ಕದ ಗಾರೆಯ ಮೇಲೆ ಒದ್ದೆ ಹತ್ತಿ ಎಳೆದು ನೋಡಿದೆ. ಹತ್ತಿ ಕೆಂಪಾಯಿತು.

“ಪಂಚೆ ಹೊದ್ಸಿದೀನಲ್ಲವ್ವ,” ಎಂದರು ಮೇಷ್ಟ್ರು. “ಧೂಳು ಪಂಚೆ ಮ್ಯಾಲೆ ನಿಂತೈತೆ.”

“ಹಿಟ್ಟಿನಂಥ ಧೂಳು ಸರ್. ಪಂಚೆ ಏನ್ ಜರಡಿನಾ ಸೋಸೋದಕ್ಕೆ? ಜರಡಿ ಆದ್ರೂ ಹಿಟ್ಟೇ ಕೆಳಗ್ ಬೀಳೋದು.”

“ಇಷ್ಟ್ ವರ್ಷ ಒಣಗ್ಸಿದೀನಿ. ಆಗ್ ಬರ್ದಿದ್ದ ಹಸಿರು ಈಗ್ಯಾಕ್ ಬಂತು?”

“ಆಗ ಈಟ್ ಲಾರಿ ಇರ್ಲಿಲ್ಲ.”

“ಅದು ಊಹೆ. ಆಧಾರ ತಗಂಬಾ.”

ಅವರು ಕಲಿಸಿದ್ದೇ ಅದು, ಕೇಳಿದ್ದೂ ನ್ಯಾಯ. ಒಂದೇ ಸೀಸೆಯ ಪುಡಿಯನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ಅವರ ಪದ್ಧತಿಯಂತೆ ಮಹಡಿಯಲ್ಲಿಟ್ಟೆ. ಇನ್ನೊಂದನ್ನು ಮುಚ್ಚಿದ ಒಲೆಯಲ್ಲಿ, ಕರೆಂಟ್ ಇದ್ದಾಗಲೆಲ್ಲ ಕಾಯಿಸುತ್ತ, ಹೋದಾಗಲೆಲ್ಲ ಬಾಗಿಲು ತೆಗೆಯದೆ ಕಾಯುತ್ತ ಒಣಗಿಸಿದೆ. ಎರಡನ್ನೂ ನಿಯೋಡಿಮಿಯಂ ಹಾಕದೆ ಒಂದೇ ರೀತಿ ಕರಗಿಸಿ, ಒಂದೇ ಅಚ್ಚಿಗೆ ಒಂದಾದ ಮೇಲೊಂದು ಸುರಿದೆ. ಆರಿದ ಮೇಲೆ ಎರಡು ತುಂಡನ್ನೂ ಬಿಳಿ ಹಾಳೆಯ ಮೇಲೆ ಅಂಚು ನಿಲ್ಲಿಸಿ ಅವರ ಮುಂದಿಟ್ಟೆ.

ಒಲೆಯದು ನೀರಿನಷ್ಟು ತಿಳಿ. ಮಹಡಿಯದು ಎಳೆ ಹಸಿರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ನೋಡಿದರು. ಕಿಟಕಿಯ ಬಳಿ ಒಯ್ದು ನೋಡಿದರು. ನಾನು ಮುಂದಿನ ಏಟಿಗೆ ತಯಾರಾಗಿ ನಿಂತಿದ್ದೆ. ಕರೆಂಟ್ ಕೈಕೊಟ್ಟ ಒಲೆಯದರಲ್ಲಿ ನೀರು ಜಾಸ್ತಿ ಎನ್ನುತ್ತಾರೆ, ಬೆಳಕನ್ನು ಹೆಚ್ಚು ತಿನ್ನುವುದು ನೀರೋ ಕಬ್ಬಿಣವೋ ಎಂದು ಕೇಳುತ್ತಾರೆ. ಅದು ನಿಜಕ್ಕೂ ತೀರ್ಮಾನವಾಗದ ಪ್ರಶ್ನೆ. ಅದಕ್ಕೆ ನನ್ನ ಬಳಿ ಅರ್ಧ ಉತ್ತರವಿತ್ತು. ಉಳಿದರ್ಧ ಅವರೊಡನೆ ಗುದ್ದಾಡಿಯೇ ಹುಟ್ಟಬೇಕಿತ್ತು.

“ಸರಿ,” ಎಂದರು.

ಅಷ್ಟೇ. ಮಹಡಿಗೆ ಹೋಗಿ ತಟ್ಟೆಗಳನ್ನು ತಂದು, ತೊಳೆದು, ಬೋರಲು ಹಾಕಿದರು. ಪಂಚೆ ಮಡಿಸಿ ಚೀಲಕ್ಕಿಟ್ಟುಕೊಂಡರು.

ಅಂದಿನಿಂದ ಅವರು ವಾದ ಬಿಟ್ಟರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು, ಸಿಟ್ಟಿನಲ್ಲಿ ಒಂದು ವಾದ ಇದ್ದೇ ಇರುತ್ತದೆ. ಅವರು ಮೆತ್ತಗಾದರು. ಬೆಳಿಗ್ಗೆ ಬಂದು, ಕುರ್ಚಿಯಲ್ಲಿ ಕೂತು, ನಾನು ಏನು ಕೇಳಿದರೂ “ನಿಂಗೆ ಹೆಂಗ್ ಬೇಕೋ ಹಂಗ್ ಮಾಡವ್ವ” ಎನ್ನುತ್ತಿದ್ದರು. ಬೇಕೆಂದೇ ಒಮ್ಮೆ ತಪ್ಪು ಅಳತೆ ಓದಿ ಹೇಳಿದೆ. ಅವರಿಗೆ ಗೊತ್ತಾಯಿತು, ಕಣ್ಣಲ್ಲಿ ಕಂಡಿತು. ಆದರೂ “ನೀನೇ ಒಂದ್ಸಲ ನೋಡ್ಕ” ಎಂದರು.

ನನ್ನ ವಾದ ಸರಿಯಿತ್ತು. ಈಗಲೂ ಸರಿಯೆಂದೇ ಹೇಳುತ್ತೇನೆ. ಸರಿಯಾದದ್ದನ್ನು ಹೇಳಿದ್ದಕ್ಕೆ ಮರುಗಬೇಕು ಎಂದು ಯಾರಾದರೂ ಉಪದೇಶಿಸಿದರೆ ನಾನು ಒಪ್ಪುವುದಿಲ್ಲ. ಆದರೆ ಆ ಕೋಣೆಯಲ್ಲಿ ಫರ್ನೇಸಿನ ಗುಂಯ್ ಸದ್ದು ಅಷ್ಟು ಜೋರಾಗಿದೆ ಎಂದು ನನಗೆ ಗೊತ್ತಾದದ್ದು ಆ ದಿನಗಳಲ್ಲೇ.

ಕಡ್ಡಿ ಕಳಿಸುವ ದಿನ ಬಂತು. ನಿಯೋಡಿಮಿಯಂ ಹಾಕಿದ ಎರಡು ಕಡ್ಡಿಗಳು ಸಿದ್ಧವಿದ್ದವು. ಬಿಸಿಲಿನಲ್ಲಿ ಒಣಗಿಸಿದ್ದು ಒಂದು, ಅದರಲ್ಲಿ ನೀರು ಕಡಿಮೆ, ಕಬ್ಬಿಣ ಹೆಚ್ಚು. ಒಲೆಯದು ಇನ್ನೊಂದು, ಅದರಲ್ಲಿ ಕಬ್ಬಿಣವಿಲ್ಲ, ನೀರು ಹೆಚ್ಚು.

“ಯಾವ್ದು ಕಳ್ಸಲಿ ಸರ್?”

“ಗಾಜು ನಿಂದು. ನಿಂಗೆ ಯಾವ್ದು ಸರಿ ಅನ್ಸುತ್ತೋ ಅದು.”

“ನಿಮಗೇನನ್ಸುತ್ತೆ ಹೇಳ್ರಿ.”

“ನಂಗೇನೂ ಅನ್ಸಲ್ಲವ್ವ.”

ಒಲೆಯದನ್ನು ಹತ್ತಿಯಲ್ಲಿ ಸುತ್ತಿ, ಔಷಧಿಯ ಡಬ್ಬಿಯಲ್ಲಿಟ್ಟು, ಪ್ರಯೋಗಾಲಯಕ್ಕೆ ನಾನೇ ಒಯ್ದು ಕೊಟ್ಟು ಬಂದೆ. ಫಲಿತಾಂಶ ಬರುವುದರೊಳಗೆ ಮೇಷ್ಟ್ರ ನಿವೃತ್ತಿಯಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರೂ ಗಾಜಿನ ವಿಷಯ ಎತ್ತಲಿಲ್ಲ. ನನಗೆ ಮಾತಾಡಲು ಹೇಳಿದ್ದರು, ಎದ್ದು ನಿಂತೆ. ಮೈಕಿನ ಮುಂದೆ ಎಂದೂ ತಡವರಿಸದವಳು ‘ಸರ್‌ಗೆ ಧನ್ಯವಾದ’ ಎಂದಷ್ಟೇ ಹೇಳಿ ಕೂತೆ. ಹೊಗಳಿಕೆ ನನಗೆ ಅಭ್ಯಾಸವಿಲ್ಲದ ವಿಭಾಗ.

ಆಮೇಲೆ ಕೋಣೆಯಲ್ಲಿ ನಾನೊಬ್ಬಳೇ. ಮಧ್ಯಾಹ್ನದ ಡಬ್ಬಿಯನ್ನು ಫರ್ನೇಸಿನ ನೆತ್ತಿಯ ಮೇಲಿಟ್ಟು ಬಿಸಿ ಮಾಡಿಕೊಂಡು ಉಣ್ಣುತ್ತಿದ್ದೆ. ಕಂಪ್ಯೂಟರ್ ಕೋಣೆಗೆಂದು ಯಾರೋ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋದರು. ನಾನು ಪ್ರತಿಭಟಿಸಲಿಲ್ಲ, ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ.

ಕಾಲೇಜಿನ ಆಫೀಸಿಗೆ ಫೋನ್ ಬಂತು. ಪ್ರಯೋಗಾಲಯದ ದನಿ ನಿರ್ಭಾವವಾಗಿತ್ತು. ಗಾಜಿನಿಂದ ಲೇಸರ್ ಹೊರಟಿದೆ, ಶಕ್ತಿ ಕಡಿಮೆಯಾದರೂ ಸಂಶಯವಿಲ್ಲದಂತೆ ಹೊರಟಿದೆ, ವರದಿ ಕಳಿಸುತ್ತೇವೆ. ಪ್ರಾಂಶುಪಾಲರು ಕೈ ಕುಲುಕಿ, ಹಾಗಾದರೆ ಕೋಣೆ ಇಟ್ಟುಕೊಳ್ಳಿ, ಕಂಪ್ಯೂಟರಿಗೆ ಬೇರೆ ನೋಡುತ್ತೇವೆ ಎಂದರು. ಗುಮಾಸ್ತರು, “ಕಂಗ್ರಾಟ್ಸ್ ಕಣಮ್ಮ, ಸ್ವೀಟು ಯಾವಾಗ?” ಎಂದರು. ಏನಾಯಿತು ಎಂದು ಯಾರೂ ಕೇಳಲಿಲ್ಲ.

ಬೀಗ ಹಾಕಿ ಹಿರಿಯೂರಿನ ಬಸ್ಸು ಹತ್ತಿದೆ.

ಮೇಷ್ಟ್ರ ಮನೆ ಬಬ್ಬೂರಿನ ರಸ್ತೆಯಲ್ಲಿತ್ತು. ಗೇಟಿನಲ್ಲೇ ಹೇಳಿದೆ. ಅವರ ಮುಖ ಅರಳಿತು, ಅದರಲ್ಲಿ ಕಪಟವೇನೂ ಇರಲಿಲ್ಲ. “ಲೇ, ಕೇಳ್ದೇನೇ? ನಮ್ ಹುಡುಗಿ ಗೆದ್ಲು, ಕೇಸರಿಬಾತ್ ಮಾಡು,” ಎಂದು ಒಳಗೆ ಕೂಗಿದರು. ಪಕ್ಕದ ಮನೆಯವರನ್ನು ಕರೆದು ನನ್ನನ್ನು ತೋರಿಸಿದರು. ನಾನು ಕಾದೆ. ಎಷ್ಟು ಬೆಳಕು ಉಣಿಸಿದ ಮೇಲೆ ಲೇಸರ್ ಹೊರಟಿತು, ಶಕ್ತಿ ಕಡಿಮೆಯಾದದ್ದು ನೀರಿನಿಂದಲೋ ಕಡ್ಡಿಯ ತುದಿಗೆ ಹೊಳಪು ಕೊಟ್ಟದ್ದರ ದೋಷದಿಂದಲೋ, ಒಂದಾದರೂ ಕೇಳುತ್ತಾರೆ ಎಂದು ಕಾದೆ. ತಟ್ಟೆ ಖಾಲಿಯಾಯಿತು.

“ಸರ್, ಶಕ್ತಿ ಕಮ್ಮಿ ಬಂದೈತೆ,” ಎಂದೆ ನಾನೇ. “ನೀರಿಂದ ಇರ್ಬೋದು. ನಿಮ್ಮ ಕಡ್ಡಿ ಕಳ್ಸಿದ್ರೆ ಇದಕ್ಕಿಂತ ಚೆನ್ನಾಗಿ ಬರ್ತಿತ್ತೇನೋ. ಅದ್ರಾಗೆ ಬೆಳಕು ಜಾಸ್ತಿ ಹೊತ್ತು ನಿಲ್ತಿತ್ತು. ಇದ್ದ ಚೂರು ಕಬ್ಬಿಣ ಅದನ್ನ ಪೂರಾ ತಿಂತಿತ್ತು ಅನ್ನೋಕೆ ನನ್ ಹತ್ರ ಆಧಾರ ಇಲ್ಲ.”

ಮೇಷ್ಟ್ರು ನಕ್ಕರು. “ನನ್ ಕಡೆ ವಾದಾನೂ ನೀನೇ ಮಾಡಿದ್ರೆ ನಾನೇನ್ ಮಾಡ್ಲವ್ವ? ಗೆದ್ದಾಯ್ತಲ್ಲ, ಬಿಡು.”

“ಗೆದ್ದಿದ್ದು ಹೌದೋ ಅಲ್ವೋ ಅಂತಾನೇ ಸರ್ ಕೇಳ್ತಿರೋದು.”

“ಕೇಸರಿಬಾತ್ ಇನ್ನೊಂದೀಟು ಹಾಕುಸ್ಕ.”

ಬಸ್ ಸ್ಟಾಂಡಿನವರೆಗೆ ಜೊತೆಗೆ ಬಂದರು. ದಾರಿಯಲ್ಲಿ ಮಂಡಿನೋವಿನ ಬಗ್ಗೆ, ನಲ್ಲಿ ನೀರು ಬಿಡುವ ಹೊತ್ತಿನ ಬಗ್ಗೆ ಹೇಳಿದರು. ಬಸ್ಸು ಬಂದು ನಿಂತಾಗ, ಹತ್ತುತ್ತಿದ್ದವಳ ಬೆನ್ನಿಗೆ, “ಮುಂದೆ ನಿಯೋಡಿಮಿಯಂ ಬದ್ಲಿಗೆ ಎರ್ಬಿಯಂ ಹಾಕಿ ನೋಡ್ಬೋದು,” ಎಂದರು.

ತಟ್ಟನೆ ತಿರುಗಿದೆ. “ಯಾಕ್ ಸರ್? ಈ ಗಾಜಿಗೆ ಅದು ಹೊಂದಲ್ಲ, ನೀರಿನ ಕಾಟ ಅದಕ್ಕಿನ್ನೂ ಜಾಸ್ತಿ. ಯಾಕಂತೀರಿ?”

“ಸುಮ್ನೆ ಅಂದೆ ಕಣವ್ವ,” ಎಂದರು. “ಹುಷಾರಾಗಿ ಹೋಗು.”

ಕಂಡಕ್ಟರ್ ಸೀಟಿ ಊದಿದ. ಐಮಂಗಲದವರೆಗೂ ಎರ್ಬಿಯಂ ಯಾಕೆ ಬೇಡ ಎಂಬುದಕ್ಕೆ ನನ್ನಲ್ಲಿದ್ದ ಕಾರಣಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ಮಂಡಿಸಿದೆ. ಐಮಂಗಲ ದಾಟಿದ ಮೇಲೆ, ಎದುರು ನಿಲ್ಲಲು ಬೇರೆ ಯಾರೂ ಇಲ್ಲದ್ದರಿಂದ, ಅದು ಯಾಕೆ ಬೇಕು ಎಂಬುದನ್ನೂ ನಾನೇ ಶುರುಮಾಡಿದೆ.