ತಾತನ ತೆಳು ಕತ್ತಿ

ಇವತ್ತು ಕ್ಲಾಸಿನಲ್ಲಿ ನನ್ನ ಮೊದಲ ಸೆಮಿನಾರ್. ಬೆಳಿಗ್ಗೆ ಹಾಸ್ಟೆಲ್ ಬಾತ್‌ರೂಮಿನಲ್ಲಿ ಶೇವ್ ಮಾಡಲು ಹೋಗಿ ಗದ್ದ ಕೊಯ್ದುಕೊಂಡೆ. ಗಾಯಕ್ಕೆ ಪಟಿಕ ಉಜ್ಜಿದಾಗ ಬಂದ ಉರಿಗೆ ತಾತನ ಜಗಲಿ ನೆನಪಾಯಿತು.

ರಜಕ್ಕೆ ಊರಿಗೆ ಹೋದಾಗೆಲ್ಲ ಅಲ್ಲಿ ಕೂತು ತಾತ ಗಡ್ಡ ಹೆರೆದುಕೊಳ್ಳುವುದನ್ನು ನೋಡುತ್ತಿದ್ದೆ. ತಾತನ ಬಳಿ ಮಡಿಸುವ ಕ್ಷೌರದ ಕತ್ತಿಗಳು ಎರಡಿದ್ದವು. ದಪ್ಪ ಬೆನ್ನಿನದು ವಾರದ ಗಡ್ಡವನ್ನೂ ಸಲೀಸಾಗಿ ತೆಗೆಯುತ್ತಿತ್ತು, ಆದರೆ ಮೂಗಿನ ಕೆಳಗೆ ತಿರುಗುತ್ತಿರಲಿಲ್ಲ. ತೆಳ್ಳಗಿನದು ಕೆನ್ನೆಯ ಮೇಲೆ ಸಣ್ಣಗೆ ಗುಂಯ್‌ಗುಡುತ್ತಾ ಹೋಗುತ್ತಿತ್ತು. ಮುಟ್ಟಿದ್ದೇ ಗೊತ್ತಾಗಲ್ಲ ಎನ್ನುತ್ತಿದ್ದರು ತಾತ.

ಚಿಕ್ಕಪ್ಪನ ಮದುವೆಗೆ ಗಿರಿಜತ್ತೆ ಕೊಬ್ಬರಿ ಗಿಟುಕುಗಳ ಮೇಲೆ ಹೂಬಳ್ಳಿ ಕೆತ್ತಿದರು. ಕೆತ್ತಿದ್ದು ಆ ತೆಳು ಕತ್ತಿಯಲ್ಲಿ. ಮುಹೂರ್ತದ ಬೆಳಿಗ್ಗೆ ತಾತ ಅದನ್ನು ಕೆನ್ನೆಗಿಟ್ಟರೆ ಕೂದಲು ಕಿತ್ತುಬಂತು.

"ಏನೇ ಗಿರಿಜಾ, ಇದ್ರಲ್ಲಾ ಕೊಬ್ರಿ ಕೆತ್ತಿದ್ದು?"

"ಬೀಗ್ರೆಲ್ಲ ಕೊಬ್ರಿ ನೋಡೋಕೆ ಬತ್ತಾವ್ರೆ ಕಣಪ್ಪ. ನಿನ್ ಕೆನ್ನೆ ಯಾರು ನೋಡ್ತಾರೆ, ಬುಡು."

ತಾತ ಎಷ್ಟು ಮಸೆದರೂ ಅದು ಮತ್ತೆ ಸರಿಹೋಗಲಿಲ್ಲ. ಅವರು ಹೋದ ಮೇಲೆ ದಪ್ಪನೆಯದನ್ನು ಚಿಕ್ಕಪ್ಪ ಇಟ್ಟುಕೊಂಡರು, ಇದು ನನಗೆ ಬಂತು. ಸಿಕ್ಕ ವಿಡಿಯೋ ಎಲ್ಲ ನೋಡಿದ್ದೇನೆ, ಬೆಲ್ಟಿಗೆ ಉಜ್ಜಿದ್ದೇನೆ, ಆಂಗಲ್ ಬದಲಾಯಿಸಿದ್ದೇನೆ. ಒಂದೊಂದು ಕೂದಲನ್ನೂ ಹಿಡಿದು ಎಳೆಯುತ್ತದೆ. ಇವತ್ತಂತೂ ತಲೆಕೆಟ್ಟು, ನೊರೆ ಮುಖದಲ್ಲೇ ಅತ್ತೆಗೆ ಫೋನ್ ಮಾಡಿ ಜಗಳಕ್ಕೆ ನಿಂತೆ.

"ಯಾವ ಕತ್ತಿಲಾ? ನಂಗೆ ನೆಪ್ಪೇ ಇಲ್ಲ ಕಣಪ್ಪ. ತಿಂಡಿ ತಿಂದ್ಯಾ?" ಎಂದರು.

ತಿಂದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಸೆಮಿನಾರಿಗೆ ಹೊತ್ತಾಗಿದೆ, ಎಡಗೆನ್ನೆ ಇನ್ನೂ ಹಾಗೇ ಇದೆ.